ಕಲ್ಲುಸೇತುವೆಗೆ ಕಟ್ಟಿದ ಹಗ್ಗ

ಬೇರೆ ಊರುಗಳಲ್ಲಿ ಕೂಗಿಗೆ ಆಯುಸ್ಸು ಇದೆಯಂತೆ. ಒಬ್ಬ ಕೂಗುತ್ತಾನೆ, ನಾಲ್ಕು ಮನೆ ದಾಟುವಷ್ಟರಲ್ಲಿ ಕೂಗು ಸಣ್ಣಗಾಗುತ್ತದೆ, ಆಮೇಲೆ ಸತ್ತೇ ಹೋಗುತ್ತದಂತೆ. ಪುಣ್ಯವಂತರು! ನಮ್ಮೂರಿನಲ್ಲಿ ಮನೆಯೊಳಗಿನ ಮಾತು ಮನೆಯೊಳಗೇ ಸಾಯುತ್ತದೆ, ಸರಿ. ಆದರೆ ಸೇತುವೆಗೆ ಹಾಕಿದ ಕೂಗಿಗೆ ಸಾವಿಲ್ಲ. ಯಾರು ಕೂಗಿದರೋ ಅವರ ದನಿಯಲ್ಲೇ, ಅವರ ಉಸಿರಿನಲ್ಲೇ, ಬಾಯಿಂದ ಬಾಯಿಗೆ ಹೋಗುತ್ತಿರುತ್ತದೆ. ಯಾರಾದರೂ ಬಾಯಿ ಮುಚ್ಚಿದರೆ ಮಾತ್ರ ನಿಲ್ಲುತ್ತದೆ. ನಮ್ಮೂರಿನವರು ಉಪವಾಸ ಬೇಕಾದರೂ ಇದ್ದಾರು, ಬಾಯಿ ಮುಚ್ಚಿಕೊಂಡು ಇರಲಾರರು.

ಊರು ಇರುವುದು ಕಪ್ಪು ನೀರಿನ ನಡುವೆ. ನೀರಿನಲ್ಲಿ ಅಲ್ಲಲ್ಲಿ ಎದ್ದ ದಿಣ್ಣೆಗಳ ಮೇಲೆ ಕೇರಿಗಳು. ಸುಣ್ಣದ ಕೇರಿ, ಉಪ್ಪಿನ ಕೇರಿ, ಎಣ್ಣೆ ಕೇರಿ, ಹತ್ತಿ ಕೇರಿ. ನೀರಿನ ಮೇಲೆ ಸದಾ ಮಂಜು. ಆ ಮಂಜು ಕೂಗನ್ನು ನುಂಗುತ್ತದೆ, ಅದಕ್ಕೇ ಕೂಗು ದಾಟಬೇಕಾದರೆ ಸೇತುವೆಯ ಮೇಲೆಯೇ ದಾಟಬೇಕು. ಪ್ರತಿ ಸೇತುವೆಯ ನಡುವೆ ಒಬ್ಬ ಆಳು ನಿಂತಿರುತ್ತಾನೆ. ಈ ದಡದಿಂದ ಬಂದ ಕೂಗನ್ನು ಕಿವಿಗೆ ಹಾಕಿಕೊಳ್ಳುತ್ತಾನೆ, ಬಂದ ದಡಕ್ಕೆ ಬೆನ್ನು ಹಾಕುತ್ತಾನೆ, ಎದುರು ದಡಕ್ಕೆ ಅದನ್ನೇ ಕೂಗುತ್ತಾನೆ. ಬಂದ ಕೂಗನ್ನು ತಡೆಯಬಾರದು. ಬಂದ ಕೂಗನ್ನು ತಿದ್ದಬಾರದು. ಬಂದ ಕೂಗನ್ನು, ನೀನು ಆಗಲೇ ಒಮ್ಮೆ ಬಂದಿದ್ದೆಯಲ್ಲ ಎಂದು ಕೇಳಬಾರದು. ಇದು ರೂಢಿ.

ಇನ್ನೊಂದು ರೂಢಿಯೂ ಉಂಟು. ಕಾಲು ಕೂಗಿನ ಹಿಂದೆ ನಡೆಯಬೇಕು. ನಿನ್ನನ್ನು ಕರೆದ ಕೂಗು ಕಡೆಯದಾಗಿ ಯಾವ ಸೇತುವೆಯಿಂದ ಕೇಳಿಸಿತೋ ಆ ಸೇತುವೆಯನ್ನೇ ನೀನು ದಾಟಬೇಕು. ಯಾಕೆ ಎಂದು ಕೇಳಿದರೆ ಹಿರಿಯರು ಹೇಳಿದ್ದು ಅನ್ನುತ್ತಾರೆ. ಆ ಹಿರಿಯರಿಗೆ ಬೇರೆ ಕೆಲಸವಿರಲಿಲ್ಲ ಅಂತ ಕಾಣುತ್ತದೆ.

ಮೊದಲು ಊರಿಗಿದ್ದದ್ದು ಹಲಗೆಯ ಸೇತುವೆ. ಸುಣ್ಣದ ಕೇರಿಗೂ ಉಪ್ಪಿನ ಕೇರಿಗೂ ನಡುವೆ ಯಾರೋ ಎಸೆದ ನಾಲ್ಕು ಹಲಗೆ, ಕಾಲಿಟ್ಟರೆ ಕಿರ್ರೆನ್ನುತ್ತದೆ. ಅದರ ಮೇಲೆ ಎಲೆಅಡಿಕೆ ಜಗಿಯುತ್ತಾ ಕೂತ ಒಬ್ಬ ಮುದುಕ. ಆಮೇಲೆ ಎಣ್ಣೆ ಕೇರಿಯನ್ನು ಸುಣ್ಣದ ಕೇರಿಗೆ ಸೇರಿಸುವ ಇಟ್ಟಿಗೆ ಸೇತುವೆ ಬಂತು. ಹತ್ತಿ ಕೇರಿಯನ್ನೂ ಸುಣ್ಣದ ಕೇರಿಗೇ ಸೇರಿಸುವ ಬಿದಿರು ಸೇತುವೆ ಬಂತು. ಅಷ್ಟೇ. ಯಾವ ಕೇರಿಯಿಂದ ಯಾವ ಕೇರಿಗೆ ಹೋಗಬೇಕಾದರೂ ಒಂದೇ ದಾರಿ. ಕೂಗು ಹೋಗುತ್ತಿತ್ತು, ಊರಿನ ತುದಿ ಮುಟ್ಟುತ್ತಿತ್ತು, ಅಲ್ಲಿ ಮುಂದೆ ಸೇತುವೆ ಇಲ್ಲದೆ ನಿಲ್ಲುತ್ತಿತ್ತು. ಜನ ನೆಮ್ಮದಿಯಾಗಿದ್ದರು.

ಆ ನೆಮ್ಮದಿ ಎಣ್ಣೆ ಕೇರಿಯ ಸಾಹುಕಾರನ ಕಣ್ಣಿಗೆ ಚುಚ್ಚಿತು.

"ನನ್ನ ಕೂಗು ಉಪ್ಪಿನ ಕೇರಿಗೆ ಹೋಗ್ಬೇಕಾದ್ರೆ ಸುಣ್ಣದವರ ಕೇರಿ ಸುತ್ಕೊಂಡು, ಆ ಮುರುಕು ಹಲಗೆ ದಾಟಿ, ಆ ಎಲೆಅಡಿಕೆ ಮುದುಕನ ಬಾಯಿಗೆ ಬಿದ್ದು ಹೋಗ್ಬೇಕಾ? ನನ್ನ ಮಾತಿಗೆ ಅವನ ಎಂಜಲು ಹತ್ಬೇಕಾ?" ಅಂದ.

ಕಟ್ಟಿಸಿದ. ಎಣ್ಣೆ ಕೇರಿಯಿಂದ ನೇರ ಉಪ್ಪಿನ ಕೇರಿಗೆ ಕಲ್ಲಿನ ಸೇತುವೆ. ಕಂಬಕ್ಕೊಂದು ಆನೆ, ಆನೆಯ ಸೊಂಡಿಲಿಗೊಂದು ತಾವರೆ, ನಡುವೆ ಅವನ ಹೆಸರು ಕೊರೆದ ಕಲ್ಲು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ, ಇವನು ಸೇತುವೆ ಹಿಡಿದ. ಸೇತುವೆಗೆ ಆಳಾಗಿ ತನ್ನ ಕೇರಿಯ ಒಬ್ಬ ಹೆಂಗಸನ್ನು ನಿಲ್ಲಿಸಿದ. ಗಂಡ ತೀರಿಹೋದವಳು, ಕೈಯಲ್ಲೊಂದು ಎಳೆಯ ಹೆಣ್ಣುಮಗು. ಊರಿಗೆಲ್ಲ ಅವಳದೇ ಗಟ್ಟಿ ಗಂಟಲು.

ಸೇತುವೆ ತೆರೆದ ದಿನ ಸಾಹುಕಾರ ಮೊದಲ ಕೂಗು ಹಾಕಿದ. "ಸಾಹುಕಾರರ ಮನೆಯಲ್ಲಿ ಪಾಯಸ ಇದೆ, ಎಲ್ಲರೂ ಬನ್ನಿ!"

ಕಲ್ಲುಸೇತುವೆಯ ಹೆಂಗಸು ಅದನ್ನು ಉಪ್ಪಿನ ಕೇರಿಗೆ ಕೂಗಿದಳು. ಇಟ್ಟಿಗೆಯವನು ಸುಣ್ಣದ ಕೇರಿಗೆ ಕೂಗಿದ. ಹಲಗೆಯ ಮುದುಕನಿಗೆ ಆ ಕಡೆಯಿಂದಲೂ ಬಂತು, ಈ ಕಡೆಯಿಂದಲೂ ಬಂತು. ಅವನು ಆ ಕಡೆಯದನ್ನು ಈ ಕಡೆಗೂ ಈ ಕಡೆಯದನ್ನು ಆ ಕಡೆಗೂ ಕೂಗಿದ. ಸುತ್ತಿಕೊಂಡು ಬಂದ ಪಾಯಸ ಮತ್ತೆ ಎಣ್ಣೆ ಕೇರಿಗೆ ಬಂತು. ಬಂದ ಕೂಗನ್ನು ತಡೆಯಬಾರದಲ್ಲ! ಮತ್ತೆ ಹೋಯಿತು. ಮತ್ತೆ ಬಂತು. ಒಂದು ಬಲಕ್ಕೆ ಸುತ್ತುತ್ತಿತ್ತು, ಒಂದು ಎಡಕ್ಕೆ ಸುತ್ತುತ್ತಿತ್ತು. ಪಾಯಸ ಮುಗಿಯಿತು, ಹಂಡೆ ತೊಳೆದಿಟ್ಟರು, ಒಲೆ ಆರಿತು, ಕೂಗು ಮಾತ್ರ ಬನ್ನಿ ಬನ್ನಿ ಅನ್ನುತ್ತಲೇ ಇತ್ತು. ಜನ ಲೋಟ ಹಿಡಿದು ಬಂದರು, ಬೈದುಕೊಂಡು ಹೋದರು, ಮನೆ ಮುಟ್ಟುವ ಮೊದಲೇ ಮತ್ತೆ ಕೂಗು ಕೇಳಿ ಮತ್ತೆ ಬಂದರು. ಈಗಷ್ಟೇ ಹೋಗಿ ಬಂದದ್ದಲ್ಲವೇ ಅಂತ ಒಬ್ಬನಿಗಾದರೂ ಹೊಳೆಯಬೇಡವೇ? ಪಾಯಸ ಅಂದರೆ ಬುದ್ಧಿಯನ್ನು ಗೂಟಕ್ಕೆ ನೇತುಹಾಕಿ ಬರುವ ಜನ.

ಆ ಗದ್ದಲದಲ್ಲಿ ಯಾರದೋ ಹಸು ನೀರಿಗೆ ಬಿತ್ತು ಅಂತ ಕೂಗಿದರು, ಅದೂ ಸುತ್ತತೊಡಗಿತು. ಯಾಕಿಷ್ಟು ಗಲಾಟೆ ಅಂತ ಯಾರೋ ಕೇಳಿದರು, ಅದೂ ಸುತ್ತತೊಡಗಿತು. ಬಾಯಿ ಮುಚ್ಚಿರೋ ಅಂತ ಯಾರೋ ಕೂಗಿದರು. ಅದು ಎಲ್ಲಕ್ಕಿಂತ ಜೋರಾಗಿ ಸುತ್ತಿತು. ಕಡೆಗೆ ಇಟ್ಟಿಗೆಯವನ ಗಂಟಲು ಕಟ್ಟಿ, ಬಾಯಲ್ಲಿ ಬರೀ ಗಾಳಿ ಬರತೊಡಗಿದಾಗ, ಪಾಯಸ ಅಲ್ಲಿಗೆ ಬಂದು ನಿಂತಿತು. ಒಂದು ಬಾಯಿ ಮುಚ್ಚಿತು, ಊರು ತಣ್ಣಗಾಯಿತು.

ಹಾಗಾದರೆ ಒಂದು ಬಾಯಿ ಮುಚ್ಚಿರಬೇಕು ಅನ್ನುವುದು ಆ ಮೊದ್ದುಗಳಿಗೂ ಅರ್ಥವಾಯಿತು. ಯಾರ ಬಾಯಿ? ಪಂಚಾಯಿತಿ ಸೇರಿತು. ಸೇತುವೆಯ ಆಳುಗಳೆಲ್ಲ ಎದ್ದು ನಿಂತು ಎದೆ ಬಡಿದುಕೊಂಡರು. ನಾನೇ ದೊಡ್ಡವ. ನಾನೇ ದೊಡ್ಡವ. ನಾನೇ ದೊಡ್ಡವ. ಒಬ್ಬ ದೊಡ್ಡವನಿದ್ದರೆ ಉಳಿದವರು ಅವನ ಮಾತಿನ ಅಂಕೆಯಲ್ಲಿ ಇರಬಹುದು ಅಂತ ಎಲ್ಲರೂ ಒಪ್ಪಿದರು, ಆ ದೊಡ್ಡವನು ತಾನಾಗಿದ್ದರೆ. ಸಾಹುಕಾರನಿಗೆ ತನ್ನ ಕಲ್ಲುಸೇತುವೆಯೇ ದೊಡ್ಡದು. ಇಟ್ಟಿಗೆಯವನಿಗೆ, ಕಲ್ಲಿನ ಕೈಕೆಳಗೆ ಇರುವುದಕ್ಕಿಂತ ನೀರಿಗೆ ಬೀಳುವುದು ಮೇಲು. ಬಿದಿರಿನವನಿಗೆ, ಇಟ್ಟಿಗೆಯ ಕೈಕೆಳಗೆ ಇರುವುದಕ್ಕಿಂತ ಹಗ್ಗ ಹಾಕಿಕೊಳ್ಳುವುದು ಮೇಲು.

ಕಡೆಗೆ ಹಲಗೆ ಸೇತುವೆ ದೊಡ್ಡದಾಯಿತು. ಅದೇ ಎಲ್ಲಕ್ಕಿಂತ ಹಳೆಯದು ಅಂತ ನೆಪ ಹೇಳಿದರು. ನಿಜ ಏನು ಗೊತ್ತೇ? ಆ ನಾಲ್ಕು ಹಲಗೆಯನ್ನು ಕಂಡು ಹೊಟ್ಟೆ ಉರಿಸಿಕೊಳ್ಳುವವರು ಊರಿನಲ್ಲಿ ಒಬ್ಬರೂ ಇರಲಿಲ್ಲ! ಹೀಗೆ ಹೊಟ್ಟೆಕಿಚ್ಚಿನಿಂದ ನಮ್ಮೂರಿಗೆ ಒಂದು ಒಳ್ಳೆಯ ಕೆಲಸವಾಯಿತು. ಬೇರೆ ದಾರಿಯಿಂದ ಆಗುವುದು ಸಾಧ್ಯವಿರಲಿಲ್ಲ ಬಿಡಿ.

ಹಲಗೆಯನ್ನು ಬೇರು ಎಂದು ಕರೆದರು. ಬೇರಿನಿಂದ ಕೊಂಬೆ, ಕೊಂಬೆಯಿಂದ ರೆಂಬೆ. ಊರು ಒಂದು ಮರ. ಮರದಲ್ಲಿ ಇರುವೆ ಒಂದು ಎಲೆಯಿಂದ ಇನ್ನೊಂದು ಎಲೆಗೆ ಹೋಗಬೇಕಾದರೆ ಒಂದೇ ದಾರಿ. ಆ ಮರಕ್ಕೆ ಬೇಡವಾದ ಸೇತುವೆ ಒಂದೇ ಒಂದು, ಕಲ್ಲುಸೇತುವೆ. ಅದನ್ನು ಕೆಡವಲಿಲ್ಲ. ಅದರ ನಡುವೆ, ಸಾಹುಕಾರನ ಹೆಸರಿನ ಕಲ್ಲಿನ ಪಕ್ಕದಲ್ಲೇ, ಅಡ್ಡಲಾಗಿ ಒಂದು ತೆಂಗಿನ ನಾರಿನ ಹಗ್ಗ ಕಟ್ಟಿದರು.

"ದನ ಕಟ್ಟೋ ಹಗ್ಗಾನಾ? ನನ್ನ ಆನೆಗಳ ಮಧ್ಯಾನಾ?" ಅಂತ ಸಾಹುಕಾರ ಕುಣಿದಾಡಿದ.

"ಹಗ್ಗ ಇರೋ ತನಕ ಅಲ್ಲಿ ಕೂಗೂ ದಾಟಂಗಿಲ್ಲ, ಕಾಲೂ ದಾಟಂಗಿಲ್ಲ" ಎಂದು ಪಂಚಾಯಿತಿ ಹೇಳಿತು.

ಕಲ್ಲುಸೇತುವೆಯ ಹೆಂಗಸಿಗೆ ಹೊಸ ಕೆಲಸ ಕೊಟ್ಟರು. ಬಾಯಿ ಮುಚ್ಚಿಕೊಂಡು ಕಿವಿ ತೆರೆದುಕೊಂಡು ಕೂರುವುದು. ಹಲಗೆಯ ಮುದುಕ ಆಗಾಗ ಎಲೆಅಡಿಕೆ ಉಗಿದು "ಬೇರಿದೆ!" ಎಂದು ಕೂಗುತ್ತಾನೆ. ಆ ಕೂಗು ಕೊಂಬೆ ಕೊಂಬೆಗೂ ಹೋಗುತ್ತದೆ. ಉಪ್ಪಿನ ಕೇರಿಯ ಕಡೆಯಿಂದಲೂ ಎಣ್ಣೆ ಕೇರಿಯ ಕಡೆಯಿಂದಲೂ ಅವಳಿಗೆ ಕೇಳಿಸುತ್ತದೆ. ಎರಡೂ ಕಡೆ ಬೇರಿದೆ ಎಂದು ಕೇಳಿದರೆ ಮರ ನೆಟ್ಟಗಿದೆ, ಬಾಯಿ ಮುಚ್ಚು. ಒಂದು ಕಡೆ ಆ ಕೂಗು ನಿಂತರೆ ಎಲ್ಲೋ ಕೊಂಬೆ ಮುರಿದಿದೆ. ಆಗಲೂ ದುಡುಕಬಾರದು. ಮುದುಕನ ಬಾಯಲ್ಲಿ ಎಲೆ ತುಂಬಿರಬಹುದು, ಕಾಯಬೇಕು, ಮತ್ತೆ ಕಾಯಬೇಕು. ಖಾತ್ರಿಯಾದ ಮೇಲೆ ಹಗ್ಗ ಬಿಚ್ಚಿ ಕೂಗಬೇಕು.

ಒಂದು ಸಲ ಹಾಗೆಯೇ ಆಯಿತು. ನೀರು ಏರಿ ಇಟ್ಟಿಗೆ ಸೇತುವೆ ಕುಸಿಯಿತು. ಎಣ್ಣೆ ಕೇರಿಯ ಕಡೆ ಬೇರಿದೆ ಅನ್ನುವುದು ನಿಂತುಹೋಯಿತು. ಸಾಹುಕಾರ ಓಡಿ ಬಂದು "ಬಿಚ್ಚೇ, ಬಿಚ್ಚೇ!" ಎಂದು ಕಿರುಚಿದ. ಅವಳು ಕಾದಳು, ಮತ್ತೆ ಕಾದಳು, ಆಮೇಲೆ ಬಿಚ್ಚಿದಳು. ಇಟ್ಟಿಗೆ ಸೇತುವೆ ಮತ್ತೆ ಏಳುವ ತನಕ ಎಣ್ಣೆ ಕೇರಿಗೆ ಉಪ್ಪು, ಸುಣ್ಣ, ಸುದ್ದಿ ಎಲ್ಲ ಅವಳ ಸೇತುವೆಯ ಮೇಲೆಯೇ ಹೋಯಿತು. ಅದು ಎದ್ದ ದಿನ ಮತ್ತೆ ಹಗ್ಗ ಕಟ್ಟಿ ಕೂತಳು. ಊರು ಮರೆತುಬಿಟ್ಟಿತು. ಹೊಳೆ ದಾಟಿದ ಮೇಲೆ ಅಂಬಿಗನ ಮಿಂಡ ಅನ್ನುವ ಜಾತಿ ನಮ್ಮದು.

ಆಮೇಲೆ ಬಹುಕಾಲ ಏನೂ ಆಗಲಿಲ್ಲ. ಏನೂ ಆಗದೆ ಇರುವುದನ್ನು ನಮ್ಮೂರಿನವರು ಸಹಿಸಲಾರರು. ಹಗ್ಗದ ಪಕ್ಕ ಕೂತ ಹೆಂಗಸನ್ನು ಕಂಡು ಹಲ್ಲು ಕಿಸಿದರು.

"ಏನಮ್ಮಾ, ಇವತ್ತು ಎಷ್ಟು ಕೂಗು ಕೂಗದೆ ಬಿಟ್ಟೆ?"

"ಸುಸ್ತಾಯ್ತಾ ಪಾಪ, ಬಾಯಿ ಮುಚ್ಚಿ ಮುಚ್ಚಿ?"

ಅವಳ ಕಿವಿ ಎರಡೂ ದಡಗಳ ಮೇಲೆ ಇರುತ್ತಿತ್ತು. ಬೇರಿದೆ. ಬೇರಿದೆ.

ಆ ಎಳೆಯ ಹೆಣ್ಣುಮಗು ದೊಡ್ಡವಳಾದಳು, ಎಣ್ಣೆ ಕೇರಿಯಲ್ಲೇ ಮದುವೆಯಾದಳು, ಬಸುರಿಯಾದಳು. ದಿನ ತುಂಬಿದ ಹೊಟ್ಟೆ ಹೊತ್ತು ಅವ್ವನಿಗೆ ಮಜ್ಜಿಗೆ ತಂದು ಹಗ್ಗದ ಪಕ್ಕ ಕೂರುತ್ತಿದ್ದಳು.

"ಅವ್ವಾ, ಆ ಕಡೆ ದಡದಲ್ಲಿ ಕಾಣ್ತದಲ್ಲ ಹುಣಸೇಮರದ ಮನೆ, ಅದೇ ಸೂಲಗಿತ್ತಿ ಮನೆ ತಾನೆ?"

"ಹೂಂ."

"ಇಲ್ಲಿಂದ ಕಲ್ಲು ಎಸೆದ್ರೆ ಅವಳ ಅಂಗಳಕ್ಕೇ ಬೀಳ್ತದೆ. ಆದ್ರೆ ನನಗೆ ನೋವು ಬಂದ ದಿನ ಕೂಗು ಸುಣ್ಣದ ಕೇರಿ ಸುತ್ತಿ ಹೋಗ್ಬೇಕು, ಅವಳೂ ಸುಣ್ಣದ ಕೇರಿ ಸುತ್ತಿ ಬರ್ಬೇಕು."

"ಸುತ್ತಿ ಬಂದ್ರೂ ಬರ್ತಾಳೆ ಕಣೇ. ನೀನು ಹುಟ್ಟೋವಾಗ್ಲೂ ಸುತ್ತಿಯೇ ಬಂದಿದ್ದು."

"ಆಗ ಈ ಸೇತುವೆ ಇರ್ಲಿಲ್ಲ. ಈಗ ಇದ್ದೂ ಇಲ್ಲ. ನನಗೆ ಭಯ ಆಗ್ತದೆ ಅವ್ವಾ."

ಅವ್ವ ಮಗಳ ತಲೆ ನೇವರಿಸಿದಳು. ಆದರೆ ಆ ದಿನದಿಂದ ಅವಳ ಕಣ್ಣು ಹಗ್ಗದ ಗಂಟಿನ ಮೇಲೆ ನಿಲ್ಲತೊಡಗಿತು. ಆಸೆ ಯಾರನ್ನು ಬಿಟ್ಟಿದೆ?

ಆಗ ಸಾಹುಕಾರನಿಗೆ ಅರವತ್ತು ತುಂಬಿತು. ಅರವತ್ತರ ಶಾಂತಿಯ ದಿನವಾದರೂ ತನ್ನ ಸೇತುವೆಯ ಮೇಲೆ ತನ್ನ ಕೂಗು ಹೋಗಬೇಕು ಅಂತ ಹಟ ಹಿಡಿದ. ಪಂಚಾಯಿತಿಯವರನ್ನು ಕರೆದು ಹೋಳಿಗೆ ಹಾಕಿ ಕೇಳಿದ.

"ಸುತ್ತು ಸುತ್ತು ಅಂತೀರಲ್ಲ, ಎಲ್ಲಿದೆ ಸುತ್ತು? ಹಗ್ಗ ಕಟ್ಟಿದ ಮೇಲೆ ಒಂದು ದಿನ ಯಾರಾದ್ರೂ ಸುತ್ತು ಕಂಡಿದ್ದೀರಾ? ಎದೆ ಮುಟ್ಕೊಂಡು ಹೇಳಿ."

ಪಂಚಾಯಿತಿಯವರು ಹೋಳಿಗೆ ನುಂಗಿ ಎದೆ ಮುಟ್ಟಿಕೊಂಡರು. ಕಂಡಿರಲಿಲ್ಲ. ಮಳೆಯಲ್ಲಿ ಕೊಡೆ ಹಿಡಿದು ಹೋಗುವವನು ತಲೆ ಮುಟ್ಟಿ ನೋಡಿಕೊಂಡು, ಒದ್ದೆಯೇ ಆಗಿಲ್ಲ, ಕೊಡೆ ಯಾಕೆ ಅಂತ ಬಿಸಾಡಿದ ಹಾಗೆ ತಲೆಯಾಡಿಸಿದರು. ಥೂ! ಒಂದು ಹೋಳಿಗೆಗೆ ಊರು ಮಾರಿದರು.

ಸಾಹುಕಾರ ಕುಡುಗೋಲು ಹಿಡಿದು ಸೇತುವೆಗೆ ಬಂದ. ಹಿಂದೆ ವಾಲಗದವರು, ವಾಲಗದವರ ಹಿಂದೆ ಎಣ್ಣೆ ಕೇರಿಯ ಜನ.

"ಏಳೇ, ಹಗ್ಗ ಕೊಯ್ತೀನಿ" ಅಂದ.

"ಬೇಡಿ ಬುದ್ಧಿ. ಎರಡು ಕಡೆಯಿಂದ್ಲೂ ಬೇರಿದೆ ಅಂತ ಕೇಳ್ತಾ ಇದೆ. ಮರ ನೆಟ್ಟಗಿರೋವಾಗ ಬಿಚ್ಚಬಾರ್ದು."

ಸಾಹುಕಾರ ನಕ್ಕ. ಅವನಿಗೆ ಎಲ್ಲರ ಬೆಲೆಯೂ ಗೊತ್ತಿತ್ತು. "ನಿನ್ನ ಮಗಳಿಗೆ ದಿನ ತುಂಬಿದೆಯಂತೆ. ಸೂಲಗಿತ್ತಿ ಮನೆ ಎದುರಿಗೇ ಇದೆ. ಹಗ್ಗ ಹೋದ್ರೆ ಅವಳು ಇಲ್ಲಿಂದ್ಲೇ ಬರ್ತಾಳೆ. ಯೋಚ್ನೆ ಮಾಡು."

ಅವಳು ಯೋಚನೆ ಮಾಡಿದಳು. ಹುಣಸೇಮರದ ಮನೆ ನೋಡಿದಳು. ಅವಳು ಪಕ್ಕಕ್ಕೆ ಸರಿದು ನಿಂತಳು. ಅವಳನ್ನು ನಾನು ಬೈಯಲಾರೆ. ಇಷ್ಟು ಹೊತ್ತು ಎಲ್ಲರನ್ನೂ ಬೈದ ಬಾಯಿ ಇದು, ಅವಳ ವಿಷಯಕ್ಕೆ ಬಂದರೆ ಏಳುವುದಿಲ್ಲ.

ಹಗ್ಗ ಕೊಯ್ದರು. ವಾಲಗ ಊದಿದರು. ಸಾಹುಕಾರ ತನ್ನ ಹೆಸರಿನ ಕಲ್ಲಿನ ಮೇಲೆ ಕಾಲಿಟ್ಟು ಕೂಗಿದ. "ಸಾಹುಕಾರರಿಗೆ ಅರವತ್ತು ತುಂಬಿತು, ಎಲ್ಲರೂ ಊಟಕ್ಕೆ ಬನ್ನಿ!"

ಅವಳು ಉಪ್ಪಿನ ಕೇರಿಗೆ ಕೂಗಿದಳು. ಇಟ್ಟಿಗೆಯವನು ಸುಣ್ಣದ ಕೇರಿಗೆ ಕೂಗಿದ. ಸಾಹುಕಾರನ ಅರವತ್ತು ಬಲಕ್ಕೊಂದು ಎಡಕ್ಕೊಂದು ಸುತ್ತು ಹೊರಟಿತು. ಮತ್ತೆ ಬಂತು, ಮತ್ತೆ ಹೋಯಿತು. ಜನ ಊಟಕ್ಕೆ ಹೊರಟರು. ಉಪ್ಪಿನ ಕೇರಿಯವರು ಕಲ್ಲುಸೇತುವೆ ಹತ್ತಿದರು, ಹತ್ತುತ್ತಿದ್ದ ಹಾಗೆ ಬೆನ್ನ ಹಿಂದಿನ ಹಲಗೆಯ ಕಡೆಯಿಂದ ಬನ್ನಿ ಎಂದು ಕೇಳಿಸಿ ತಿರುಗಿದರು. ತಿರುಗಿದವರು ಹಿಂದಿನವರ ಮೇಲೆ ಬಿದ್ದರು. ಸೇತುವೆಗಳೆಲ್ಲ ಬರುವವರಿಂದ, ತಿರುಗುವವರಿಂದ, ಮತ್ತೆ ಬರುವವರಿಂದ ತುಂಬಿಹೋದವು. ಬೇರಿದೆ ಎಂದು ಮುದುಕ ಕೂಗಿದ್ದೂ ಆ ಅರವತ್ತರೊಳಗೆ ಬಿದ್ದು ಯಾರ ಕಿವಿಗೂ ಸಿಗಲಿಲ್ಲ.

ಆಗ ಎಣ್ಣೆ ಕೇರಿಯಿಂದ ಇನ್ನೊಂದು ಕೂಗು ಬಂತು.

"ಅವ್ವಾ, ನೋವು ಬಂತು! ಸೂಲಗಿತ್ತೀನ ಕರಿ!"

ಮಗಳ ದನಿ. ಅವ್ವ ಬೆನ್ನು ತಿರುಗಿಸಿ ಹುಣಸೇಮರದ ಕಡೆಗೆ ಅದೇ ದನಿಯಲ್ಲಿ, ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದಳು. ಸೂಲಗಿತ್ತಿ ಗಂಟು ಕಂಕುಳಲ್ಲಿ ಇಟ್ಟುಕೊಂಡು ಹೊರಬಂದಳು. ಕಲ್ಲುಸೇತುವೆ ಹತ್ತಿದಳು. ಅರ್ಧ ಬಂದಳು. ಅಷ್ಟರಲ್ಲಿ ಇಟ್ಟಿಗೆ ದಾಟಿ, ಹಲಗೆ ದಾಟಿ, ಅದೇ ಕೂಗು ಅವಳ ಬೆನ್ನ ಹಿಂದಿನಿಂದ ಬಂತು. ಅವ್ವಾ, ನೋವು ಬಂತು. ಕಡೆಯದಾಗಿ ಕೇಳಿಸಿದ ಕಡೆಗೆ ಕಾಲು. ಸೂಲಗಿತ್ತಿ ತಿರುಗಿದಳು.

"ತಿರುಗಬ್ಯಾಡ್ರವ್ವಾ! ಇತ್ತ ಬನ್ನಿ, ಇತ್ತ!" ಎಂದು ಅವ್ವ ಕಿರುಚಿದಳು.

ಅದೂ ಕೂಗೇ ಆಯಿತಲ್ಲ. ಹಲಗೆಯ ಮುದುಕ ಅದನ್ನೂ ಎತ್ತಿಕೊಂಡ, ಇಟ್ಟಿಗೆಯವನು ಎತ್ತಿಕೊಂಡ. ಇತ್ತ ಬನ್ನಿ ಎಂದು ಊರಿನ ಎಲ್ಲ ಕಡೆಯಿಂದಲೂ ಕೇಳತೊಡಗಿತು. ಸೂಲಗಿತ್ತಿ ಬರುತ್ತಿದ್ದಳು, ತಿರುಗುತ್ತಿದ್ದಳು. ಅವಳ ಬಿಳಿ ಸೆರಗು ಜನರ ನಡುವೆ ಹತ್ತಿರ ಬರುವುದು, ದೂರ ಹೋಗುವುದು ಅವ್ವನಿಗೆ ಕಾಣುತ್ತಿತ್ತು. ಕಡೆಗೆ ಅವ್ವ ರೂಢಿಗೆ ಬೆಂಕಿ ಹಾಕಿದಳು. ಸೇತುವೆಯ ಆಳು ನಿಂತ ಜಾಗ ಬಿಡಬಾರದು. ಬಿಟ್ಟಳು. ಮೈಮೇಲೆ ಬಿದ್ದವರನ್ನು ಮೊಣಕೈಯಿಂದ ನೂಕಿದಳು, ಕೆಳಗೆ ಬಿದ್ದವರನ್ನು ತುಳಿದಳು, ಹೋಗಿ ಸೂಲಗಿತ್ತಿಯ ರಟ್ಟೆ ಹಿಡಿದು ದರದರ ಎಳೆದುಕೊಂಡು ಬಂದಳು. ಅವಳು ಬಿಟ್ಟ ಜಾಗದಲ್ಲಿ ಸಾಹುಕಾರ ತಾನೇ ನಿಂತು ಬಂದದ್ದನ್ನೆಲ್ಲ ಕೂಗುತ್ತಿದ್ದ. ತನ್ನ ಹೆಸರು ಇನ್ನೊಬ್ಬರ ಬಾಯಿಂದ ಬಂದು ತನ್ನ ಬಾಯಿಂದ ಹೋಗುವ ಸುಖ ಅವನಿಗೆ ಸಾಕಾಗಿರಲಿಲ್ಲ.

ಮನೆ ಮುಟ್ಟಿದಾಗ ಪಕ್ಕದ ಮನೆಯ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಒಬ್ಬಳ ಮಡಿಲಲ್ಲಿ ಕೂಸು ಅಳುತ್ತಿತ್ತು. ಮಗಳು ಅಳುತ್ತಿರಲಿಲ್ಲ. ಸೂಲಗಿತ್ತಿ ಒಳಗೆ ಹೋದಳು, ಚಾಪೆಯ ಪಕ್ಕ ಕೂತು ನಾಡಿ ಹಿಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಒಂದು ಗಳಿಗೆ ಮುಂಚೆ ಬಂದಿದ್ರೆ ತಾಯೀ, ಉಳಿಸ್ಕೊಳ್ತಿದ್ದೆ."

ಸುಣ್ಣದ ಕೇರಿ ಸುತ್ತಿ ಬಂದಿದ್ದರೂ ಅಷ್ಟು ಹೊತ್ತಾಗುತ್ತಿರಲಿಲ್ಲ.

ಹೆಣದ ತಲೆಯ ಹತ್ತಿರ ದೀಪ ಹಚ್ಚುವಾಗ ಕಿಟಕಿಯಿಂದ ಕೂಗು ಬಂತು. ಅವ್ವಾ, ನೋವು ಬಂತು. ಸೂಲಗಿತ್ತೀನ ಕರಿ. ಇಟ್ಟಿಗೆಯವನ ಬಾಯಿಂದ ಮಗಳ ದನಿ. ಸ್ವಲ್ಪ ಹೊತ್ತಿಗೆ ಸಾಹುಕಾರನ ಬಾಯಿಂದ ಮಗಳ ದನಿ. ಅವ್ವ ಹೊರಗೆ ಓಡಿದಳು, ಮತ್ತೆ ಒಳಗೆ ಬಂದಳು. ಚಾಪೆಯ ಮೇಲೆ ಮಲಗಿದವಳು ಮಲಗಿಯೇ ಇದ್ದಳು. ಹೊರಗೆ ಅವಳು ಕರೆಯುತ್ತಿದ್ದಳು.

ಮಣ್ಣು ಮಾಡಿ ಬಂದರೂ ಕರೆಯುತ್ತಲೇ ಇದ್ದಳು.

ಊರು ಏನು ಮಾಡಿತು ಅಂತ ಕೇಳುತ್ತೀರಾ? ಕಿವಿಗೆ ಹತ್ತಿ ಇಟ್ಟುಕೊಂಡಿತು. ಹತ್ತಿ ಕೇರಿಯವರಿಗೆ ಸುಗ್ಗಿ. ಪಂಚಾಯಿತಿಯವರು ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಸಭೆ ಸೇರಿದರು, ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಎಲ್ಲದಕ್ಕೂ ಒಪ್ಪಿದರು. ಸಾಹುಕಾರ ಗಂಟಲು ಬಿದ್ದು ಮನೆ ಸೇರಿದ, ಅವನ ಜಾಗಕ್ಕೆ ಅವನ ಆಳು ನಿಂತ, ಆ ಆಳು ದಣಿದಾಗ ಇನ್ನೊಬ್ಬ. ಹಗ್ಗ ಕಟ್ಟಿ ಅನ್ನುವ ಬುದ್ಧಿ ಒಬ್ಬನಿಗೂ ಬರಲಿಲ್ಲ. ಬಂದಿತ್ತೇನೋ, ಹೇಳಿದರೆ ಸಾಹುಕಾರನಿಗೆ ಅಪಮಾನ, ಹೇಳಲಿಲ್ಲ.

ಅವ್ವ ಕಲ್ಲುಸೇತುವೆಗೆ ಹೋಗಿ ಆಳನ್ನು ಕಳಿಸಿ ತಾನೇ ನಿಂತಳು. ಜನ, ಅಬ್ಬ, ಇವಳು ಹಗ್ಗ ಕಟ್ಟುತ್ತಾಳೆ ಅಂದುಕೊಂಡರು. ಅವಳು ಕಟ್ಟಲಿಲ್ಲ. ಬಂದ ಕೂಗನ್ನೆಲ್ಲ ದಾಟಿಸಿದಳು. ಸಾಹುಕಾರನ ಅರವತ್ತು ದಾಟಿಸಿದಳು, ತನ್ನದೇ ಕಿರುಚಾಟ ದಾಟಿಸಿದಳು. ಮಗಳ ಕೂಗು ಬಂದಾಗ ಕಣ್ಣು ಮುಚ್ಚಿ, ಒಂದಕ್ಷರ ಹೆಚ್ಚು ಕಡಿಮೆಯಾಗದ ಹಾಗೆ, ಅದೇ ನೋವು ಹಾಕಿ ದಾಟಿಸಿದಳು. ಹೋಗಿ ಬಾ ಅಂತ ಕಳಿಸಿದ ಹಾಗೆ. ಅದು ಊರು ಸುತ್ತಿ ಬರುವ ತನಕ ಕಿವಿ ನಿಮಿರಿಸಿ ಕಾಯುತ್ತಿದ್ದಳು. ಬರುತ್ತಿತ್ತು. ಅವ್ವಾ ಅನ್ನುತ್ತಿತ್ತು. ಊರಿಗೆ ಊರೇ ಹುಚ್ಚಾಗುತ್ತಿತ್ತು, ಅವಳಿಗೆ ಮಾತ್ರ ಮಗಳು ಇದ್ದಳು.

ಸೂಲಗಿತ್ತಿ ಅವಳನ್ನು ಹುಡುಕಿಕೊಂಡು ಬಂದಳು. ಕಂಕುಳಲ್ಲಿ ಮೊಮ್ಮಗು ಇತ್ತು, ಹೆಣ್ಣು.

"ತಾಯೀ, ಇದು ನಿದ್ದೆ ಮಾಡ್ತಿಲ್ಲ. ಈ ಗಲಾಟೇಲಿ ಹಾಲೂ ಕುಡೀತಿಲ್ಲ."

ಅವಳು ಕೇಳಿಸಿಕೊಳ್ಳಲಿಲ್ಲ. ಮಗಳ ಕೂಗು ಬರುವ ಹೊತ್ತಾಗಿತ್ತು. ಬಂತು. ಬೆನ್ನು ತಿರುಗಿಸಿ ದಾಟಿಸಿದಳು.

ಸೂಲಗಿತ್ತಿ ಅವಳ ಭುಜ ಹಿಡಿದಳು. "ನಿನ್ನ ಮಗಳ ಕೂಗಿನ ಅಡಿಯಲ್ಲಿ ಇನ್ನೊಂದು ಕೂಗಿದೆ. ನಿನ್ನೆಯಿಂದ ಇದೆ. ನಿನ್ನ ಕಿವಿ ಊರಿಗೇ ದೊಡ್ಡದು. ಕೇಳು."

ಅವಳು ಕೇಳಿದಳು. ಅರವತ್ತು ತುಂಬಿತು. ಇತ್ತ ಬನ್ನಿ. ಅವ್ವಾ, ನೋವು ಬಂತು. ಅದರ ಅಡಿಯಲ್ಲಿ, ಸೊಳ್ಳೆಯ ಹಾಗೆ, ಯಾರೋ ಇನ್ನೊಬ್ಬಳು.

"ಹತ್ತಿ ಕೇರಿಯ ಹುಡುಗಿ" ಅಂದಳು ಸೂಲಗಿತ್ತಿ. "ಅವಳಿಗೂ ನೋವು ಬಂದಿದೆ. ನಾನು ಹೊರಡ್ತೀನಿ, ಕೂಗು ಈ ಕಡೆಯಿಂದ ಬರ್ತದೆ, ಆ ಕಡೆಯಿಂದ ಬರ್ತದೆ, ಎತ್ತ ಹೋಗ್ಲಿ? ನಾನು ನಿನ್ನ ಮನೆಗೆ ಬಂದ ಹಾಗೆ ಅವಳ ಮನೆಗೂ ಹೋಗ್ಬೇಕಾ?"

ಅವಳು ಸೂಲಗಿತ್ತಿಯ ಮುಖ ನೋಡಿದಳು. ಕಂಕುಳಲ್ಲಿದ್ದ ಕೂಸಿನ ಮುಖ ನೋಡಿದಳು. ಆನೆಯ ಕಾಲಿನ ಹತ್ತಿರ ತುಂಡಾಗಿ ಬಿದ್ದಿದ್ದ ಹಗ್ಗವನ್ನು ಎತ್ತಿಕೊಂಡಳು. ತುಂಡಿಗೆ ತುಂಡು ಸೇರಿಸಿ ಗಂಟು ಹಾಕಿದಳು. ಒಂದು ಕಂಬಕ್ಕೆ ಕಟ್ಟಿದಳು, ಇನ್ನೊಂದು ಕಂಬಕ್ಕೂ ಕಟ್ಟಿದಳು. ಸೂಲಗಿತ್ತಿ ಹಗ್ಗ ಮುಟ್ಟಲಿಲ್ಲ, ಕೂಸನ್ನು ಹಿಡಿದು ನಿಂತಿದ್ದಳು.

ಸಾಹುಕಾರನ ಅರವತ್ತು ಬಂತು. ಅವಳು ನುಂಗಿದಳು. ಇತ್ತ ಬನ್ನಿ ಬಂತು. ನುಂಗಿದಳು. ಉಪ್ಪಿನ ಕೇರಿಯ ಕಡೆಯಿಂದ ಮಗಳು ಬಂದಳು.

"ಅವ್ವಾ, ನೋವು ಬಂತು. ಸೂಲಗಿತ್ತೀನ ಕರಿ."

ಅವಳ ಬೆನ್ನು ತಾನಾಗಿಯೇ ತಿರುಗಿತು. ಬಾಯಿ ತೆರೆಯಿತು. ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು ಅವಳು ಕಲ್ಲಿನ ಮೇಲೆ ಕುಸಿದಳು. ಎಣ್ಣೆ ಕೇರಿಯ ಕಡೆಯಿಂದ, ಎಡಕ್ಕೆ ಸುತ್ತುತ್ತಿದ್ದ ಮಗಳೂ ಬಂದಳು. ಅವ್ವಾ ಅಂದಳು. ಅವಳು ಕೈ ತೆಗೆಯಲಿಲ್ಲ.

ಊರು ತಣ್ಣಗಾಯಿತು. ಆ ತಣ್ಣಗಿನ ಊರಿನಲ್ಲಿ ಹತ್ತಿ ಕೇರಿಯ ಹುಡುಗಿ ಹೊಸದಾಗಿ ಹಾಕಿದ ಕೂಗು ಸೂಲಗಿತ್ತಿ ನಿಂತ ಕಡೆಗೆ ಒಂದೇ ದಾರಿಯಿಂದ, ಒಂದೇ ಸಲ, ಸ್ಪಷ್ಟವಾಗಿ ಬಂತು. ಸೂಲಗಿತ್ತಿ ಕೂಸನ್ನು ಅವಳ ಮಡಿಲಲ್ಲಿಟ್ಟು, ಹಿಂದೆ ತಿರುಗದೆ, ಬಂದ ದಾರಿಯಲ್ಲೇ ಓಡಿದಳು. ಆ ಹುಡುಗಿ ಬದುಕಿದಳು, ಅವಳ ಕೂಸೂ ಬದುಕಿತು. ಇಬ್ಬರಿಗೂ ಕಲ್ಲುಸೇತುವೆಯ ಹೆಂಗಸು ಯಾರು ಅಂತ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಹಲಗೆಯ ಮುದುಕ ಎಲೆಅಡಿಕೆ ಉಗಿದು ಬೇರಿದೆ ಎಂದದ್ದು ಎರಡು ದಡಗಳಿಂದಲೂ ಕೇಳಿಸಿತು.

ಜನ ಹತ್ತಿ ಕಿತ್ತು ಬಿಸಾಡಿ, ಉಸ್ಸಪ್ಪಾ, ಇನ್ನು ನಿದ್ದೆ ಬರುತ್ತೆ ಅಂದರು. ಸಾಹುಕಾರ ಗಂಟಲು ಸರಿಹೋದ ಮೇಲೆ ತನ್ನ ಹೆಸರಿನ ಕಲ್ಲಿನ ಕೆಳಗೆ ಇನ್ನೊಂದು ಕಲ್ಲು ಹಾಕಿಸಿದ. ಊರಿಗೆ ಮೌನ ದಾನ ಮಾಡಿದವರು ಸಾಹುಕಾರರು ಅಂತ ಅದರಲ್ಲಿ ಕೊರೆಸಿದ್ದಾನೆ. ಜನ ಅದಕ್ಕೆ ಕುಂಕುಮ ಹಚ್ಚುತ್ತಾರೆ. ಹಚ್ಚಲಿ, ಕುಂಕುಮಕ್ಕೇನು ಬರ.

ಅವಳು ಅಲ್ಲೇ ಕೂತಿದ್ದಾಳೆ, ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು. ಹೋಗುವವರು ಬರುವವರು ಈಗಲೂ ಕೇಳುತ್ತಾರೆ. ಏನಮ್ಮಾ, ಇವತ್ತು ಎಷ್ಟು ಕೂಗು ಕೂಗದೆ ಬಿಟ್ಟೆ? ಅವಳು ಉತ್ತರ ಕೊಡುವುದಿಲ್ಲ. ಕೂಸಿಗೆ ಜೋಗುಳ ಕೂಡ ಹಾಡುವುದಿಲ್ಲ, ಬರೀ ತಟ್ಟಿ ಮಲಗಿಸುತ್ತಾಳೆ. ಸೊಕ್ಕು ಅನ್ನುತ್ತಾರೆ ಜನ.

ಅವರ ನಾಲಿಗೆಗೆ ಹುಳ ಬೀಳಲಿ. ನಮ್ಮೂರಿನಲ್ಲಿ ಕೂಗಿಗೆ ಸಾವಿಲ್ಲ ಅಂತ ಆಗಲೇ ಹೇಳಿದೆನಲ್ಲ? ಯಾವ ಬಾಯಿಗೆ ಬಂದು ನಿಂತಿತೋ ಆ ಬಾಯಲ್ಲೇ ಅದು ಇರುತ್ತದೆ. ಅವಳು ತುಟಿ ಬಿಚ್ಚಿದರೆ ಮಗಳು ಹೊರಟುಹೋಗುತ್ತಾಳೆ.